ಕಲ್ಲಿನ ಮ್ಯಾಲಿನ ಐವತ್ತೊಂದು ಸಾವಿರ

ಫೆಬ್ರುವರಿ 8, 2025. ಶನಿವಾರ

ಬ್ಯಾಂಕಿನವರು ಕೊಟ್ಟ ಡೈರಿ ಒಂದ ತಿಂಗಳಿಂದ ಖಾಲಿ ಬಿದ್ದಿತ್ತು. ನಮ್ಮ ಮನಿಯವರಿಗೆ ಡೈರಿ ಬರಿಯೂ ರೂಢಿ ಇಲ್ಲ. ಏಳನೇ ಇಯತ್ತೆ ಕಲತ ನಾನ ಬರೀತೇನಿ ಅಂತ ತಗೊಂಡೆ. ಹಾಳಿ ಯಾಕ ಹಾಳ ಮಾಡಬೇಕು?

ಮೊದಲ ಉಳಿತಾಯ ಬರೀತೇನಿ. ಗ್ಯಾಸ್ ಸಿಲಿಂಡರು ಈ ಸಲ ಐವತ್ಮೂರು ದಿನ ಬಂತು. ಸಂತಿಗೆ ಕತ್ತಲಾಗೂ ಮುಂದ ಹೋದ್ರ ಬದನಿಕಾಯಿ ಅರ್ಧ ರೇಟಿಗೆ ಸಿಗತಾವ. ದೀಪಾವಳಿಗೆ ಬಂದ್ ಮಾಡಿದ ಫ್ರಿಜ್ಜು ಇನ್ನೂ ಚಾಲೂ ಮಾಡಿಲ್ಲ. ಬನಶಂಕರಿ ತಾಯಿ ಕೃಪಾದಿಂದ ಈ ಮನಿ ಸಾಲದ ಕಂತು ಒಂದೂ ತಪ್ಪಿಲ್ಲ.

ಆದ್ರ ಫೆಬ್ರುವರಿ ಬಂತಂದ್ರ ಹೊಟ್ಟಿ ಉರೀತೈತಿ. ಇವರು ಆಫೀಸಿನಾಗ ವರ್ಷೆಲ್ಲಾ ಫೈಲು ಬರದದ್ದಕ್ಕ ಈ ತಿಂಗಳ ಪಗಾರ ಪೂರಾ ಇನ್‌ಕಮ್ ಟ್ಯಾಕ್ಸಿಗೆ ಹೋಗತೈತಿ. ಟ್ಯಾಕ್ಸ್ ಕಟ್ಟೋರ ಮನಿ ಅಂತ ನನಗ ಗೃಹಲಕ್ಷ್ಮಿ ಎರಡ ಸಾವಿರಾನೂ ಇಲ್ಲ. ಬಾಜೂ ಕಿರಾಣಿ ಅಂಗಡಿ ಸುಲ್ತಾನಾ ಚ್ಯಾಷ್ಟಿ ಮಾಡ್ತಾಳ, “ಶಾರಕ್ಕಾ, ನೀ ಶ್ರೀಮಂತಳು ಅಂತ ಸರಕಾರನ ಹೇಳೇತಲ್ಲವಾ, ನಾವೇನ ಹೇಳೂದು!”

ಇವತ್ತ ಇವರ ಆಫೀಸಿನ ಪ್ರೇಮಕುಮಾರ ಚಾ ಕುಡಿಯಾಕ ಬಂದಿದ್ದ. “ವೈನಿ, ಯಾವದರ ಮಠಕ್ಕ ಚೆಕ್ ಕೊಡ್ರಿ, ಪಾವತಿ ಚೀಟಿ ತಗೋರಿ. ಎರಡ ವಾರ ಬಿಟ್ಟು ಅವರು ಈಟ ಹಿಡಕೊಂಡು ಉಳದದ್ದ ನಗದು ತಿರಗಿ ಕೊಡ್ತಾರ. ಪಾವತಿ ತೋರಿಸಿದ್ರ ದಾನ ಅಂತ ಟ್ಯಾಕ್ಸು ಕಡಿಮಿ. ಎಲ್ಲಾರೂ ಮಾಡ್ತಾರ್ರಿ” ಅಂದ.

ಇವರು, “ದೇವರ ಹೆಸರ ಬ್ಯಾಡ ಬಿಡೋ ಪ್ರೇಮ್ಯಾ” ಅಂದ್ರು.

ನಾ ಅಂದೆ, “ದೇವರ ರೊಕ್ಕೇನ ತಗೋತೇವಿ? ನಮ್ಮ ರೊಕ್ಕ ನಾವ ತಗೋತೇವಿ. ನನ್ನ ತವರೂರ ಮಠದಾಗ ರಾಚಯ್ಯನವರು ಸೆಕ್ರೆಟರಿ ಅದಾರ. ನಾ ಕೇಳತೇನಿ.”

ಇವರು ಚಾದ ಬಸಿ ನೋಡಕೋತ ಕುಂತ್ರು.

ಫೆಬ್ರುವರಿ 11, ಮಂಗಳವಾರ

ಇಳಕಲ್ಲದಿಂದ ತಂಗಿ ಬೋರವ್ವನ ಫೋನು. ಆಕಿ ಗಂಡ ತೀರಿ ಆರ ವರ್ಷ ಆತು. ಸೀರಿ ಮಗ್ಗದವರಿಗೆ ಕಂಡಿಕಿಗೆ ನೂಲು ಸುತ್ತಿ ಕೊಟ್ಟು ಮಗಳ ರೋಹಿಣಿನ್ನ ನರ್ಸಿಂಗ್ ಓದಸಾಕತ್ತಾಳ. ಫೀ ಎರಡನೇ ಕಂತು ಹದಿನೆಂಟ ಸಾವಿರ ತುಂಬಬೇಕಂತ. “ಅಕ್ಕಾ, ತಿಂಗಳಾ ಸಾವಿರ ಸಾವಿರ ತಿರಗಿ ಕೊಡ್ತೇನಿ” ಅಂದ್ಲು.

“ಪಗಾರೆಲ್ಲಾ ಟ್ಯಾಕ್ಸಿಗೆ ಹೋಗತೈತಿ ತಂಗಿ. ಕೈಯಾಗ ಒಂದ ಪೈ ಇಲ್ಲ” ಅಂದೆ.

ಸುಳ್ಳೇನಲ್ಲ. ಬ್ಯಾಂಕಿನಾಗ ಇರೂದು ಚೆಕ್ಕಿಗೆ ಬೇಕು.

ಫೆಬ್ರುವರಿ 17, ಸೋಮವಾರ

ಆಧಾರ್ ಕಾರ್ಡ್ ತೋರಿಸಿ ಪುಕಟ ಬಸ್ಸಿನಾಗ ಹುನಗುಂದಕ್ಕ ಹೋಗಿ, ಅಲ್ಲಿಂದ ಇನ್ನೊಂದ ಬಸ್ಸಿಗೆ ತವರೂರಿಗೆ ಹೋದೆ. ಮಠದಾಗ ದಾಸೋಹದ ಹಾಲ್ ಕಟ್ಟಸಾಕತ್ತಾರ. ರಾಚಯ್ಯನವರಿಗೆ ಹೇಳಾಕ ನಾಲಿಗಿ ಸ್ವಲ್ಪ ತೊಡರಿತು. ಅವರಿಗೆ ಅದು ಹೊಸಾದೇನಲ್ಲ.

“ಊರ ಮಗಳು ನೀ, ನಿನಗ ಇಲ್ಲ ಅಂತೇನೇನವ್ವಾ? ಕಟ್ಟಡಕ್ಕ ಅನುದಾನ ಬರಬೇಕಂದ್ರ ಬ್ಯಾಂಕಿನಾಗ ದೇಣಿಗಿ ಕಾಣಬೇಕು. ನಿನಗೂ ಅನುಕೂಲ, ಮಠಕ್ಕೂ ಅನುಕೂಲ. ಎರಡ ಸಾವಿರ ಮಠಕ್ಕಿರಲಿ. ಉಳದದ್ದು ಶಿವರಾತ್ರಿ ಆದ ಮ್ಯಾಲ ಒಯ್ಯಿ.”

ಇವರು ಸಹಿ ಮಾಡಿದ ಐವತ್ತೊಂದು ಸಾವಿರದ ಚೆಕ್ ಕೊಟ್ಟೆ. ಅಲ್ಲೇ ಪಾವತಿ ಹರದು ಕೊಟ್ರು. ಪ್ರೇಮಕುಮಾರ ಹೇಳಿದ ಲೆಕ್ಕದಾಗ ಟ್ಯಾಕ್ಸು ಐದ ಸಾವಿರದ ಮುನ್ನೂರು ಕಡಿಮಿ ಆಗತೈತಿ. ಮಠದ ಎರಡ ಸಾವಿರ ತಗದ್ರ ಮೂರ ಸಾವಿರದ ಮುನ್ನೂರು ಉಳಿತಾಯ. ಹೆಚ್ಚುಕಡಿಮಿ ನಾಕ ಸಿಲಿಂಡರು.

ಗದ್ದಿಗಿಗೆ ಅಡ್ಡಬಿದ್ದು, ಹನ್ನೊಂದ ರೂಪಾಯಿ ಹುಂಡಿಗೆ ಹಾಕಿ ಬಂದೆ. ಸಣ್ಣಾಕಿದ್ದಾಗ ಅವ್ವ ಸೋಮವಾರಕ್ಕೊಮ್ಮೆ ಇದs ಹುಂಡಿಗೆ ಎಂಟಾಣೆ ಹಾಕತಿದ್ಲು. ನನ್ನ ಎತ್ತಿ ಹಿಡಿದು ನನ್ನ ಕೈಯಾಗ ಕೊಟ್ಟ ಹಾಕಸತಿದ್ಲು.

ಮಾರ್ಚ್ 3, ಸೋಮವಾರ

ರೊಕ್ಕ ತಂದೆ. ನಲವತ್ತೊಂಬತ್ತು ಸಾವಿರ, ಒಂದ ಕೈಚೀಲ ತುಂಬ. ಹತ್ತರ ನೋಟು, ಇಪ್ಪತ್ತರ ನೋಟು, ಐವತ್ತರ ನೋಟು. ಐದನೂರಿಂದು ಭಾಳ ಕಡಿಮಿ.

“ಇಷ್ಟ ಚಿಲ್ಲರ ಯಾಕ್ರೀ ಅಯ್ಯನವರ?” ಅಂದೆ.

“ಶಿವರಾತ್ರಿ ಹುಂಡಿ ಒಡದೇವಲ್ಲವ್ವಾ. ಮಠದಾಗ ನಗದು ಬ್ಯಾರೆ ಎಲ್ಲಿಂದ ಬರಬೇಕು?”

ಮನಿಗೆ ಬಂದು ಎಣಿಸಿದೆ. ಕೈಯೆಲ್ಲಾ ಕುಂಕುಮ ಆತು. ಒಂದ ನೋಟಿಗೆ ಬಿಲ್ವಪತ್ರಿ ಒಣಗಿ ಅಂಟಿತ್ತು. ಒಂದ ಹತ್ತರ ನೋಟು ನಾಕ ಮಡಿಕಿ ಮಾಡಿ ಹಳದಿ ದಾರ ಸುತ್ತಿತ್ತು. ಯಾರೋ ಹರಕಿ ಹೊತ್ತದ್ದು. ಅದನ್ನ ಬಿಚ್ಚಲಿಲ್ಲ. ಲೆಕ್ಕಕ್ಕ ಹಿಡದು ದೇವರ ಜಗಲಿ ಮ್ಯಾಲ ಇಟ್ಟೆ.

ಉಳದದ್ದು ಜ್ವಾಳದ ಡಬ್ಬಿಯಾಗ ಐತಿ. ಇವರ ಈ ಕೆಲಸ ನನಗ ಪೂರಾ ಮನಸ್ಸಿಗೆ ಬಂದಿಲ್ಲ. ಆದ್ರ ಆದದ್ದಾತು.

ಮಾರ್ಚ್ 14, ಶುಕ್ರವಾರ

ಈ ತಿಂಗಳ ಬ್ಯಾಂಕಿನ ರೊಕ್ಕ ಮುಟ್ಟಿಲ್ಲ. ಕಿರಾಣಿ, ಕಾಯಿಪಲ್ಲೆ, ಹಾಲು ಎಲ್ಲಾ ಡಬ್ಬಿಯಿಂದ.

ಸುಲ್ತಾನಾ ಚಿಲ್ಲರ ಸಿಕ್ತಂತ ಖುಷಿ ಆಗ್ಯಾಳ. ಇವತ್ತ ನೋಟು ತಿರುವ್ಯಾಡಿ ನೋಡಿ, “ಏನ ಶಾರಕ್ಕಾ, ಹುಂಡಿ ಗಿಂಡಿ ಒಡದೀಯೇನು? ಎಲ್ಲಾ ನೋಟಿಗೂ ಕುಂಕುಮ!” ಅಂದ್ಲು. ಅಂಗಡಿಯಾಗ ನಿಂತವರು ಬಿದ್ದ ಬಿದ್ದ ನಕ್ಕರು. ನಾನೂ ನಕ್ಕೆ.

ಮನಿಗೆ ಬಂದು ಹಸಿ ಅರಬಿ ತಗೊಂಡು ಉಳದ ನೋಟು ಒರಸಿದೆ. ಹೋಗಲಿಲ್ಲ. ಮತ್ತೀಟ ಹರಡಿತು.

ಏಪ್ರಿಲ್ 20, ಭಾನುವಾರ

ರೋಹಿಣಿ ನರ್ಸಿಂಗ್ ಬಿಟ್ಟಾಳಂತ. ಕಂತು ತುಂಬಲಾರದ್ದಕ್ಕ ಪರೀಕ್ಷಾಕ್ಕ ಕುಂದರಸಲಿಲ್ಲಂತ. ಇಳಕಲ್ಲದಾಗ ಕೆಂಪ ಗ್ರಾನೈಟ್ ಪಾಲಿಶ್ ಮಾಡಿ ಅಕ್ಷರ ಕೊರಿಯೂ ಅಂಗಡಿಗೆ ಕೆಲಸಕ್ಕ ಹೊಂಟಾಳ. ಮಷಿನ್ನಿನವರು ಕಲ್ಲಾಗ ಅಕ್ಷರ ಕೊರದ ಮ್ಯಾಲ ಅದರಾಗ ಬಂಗಾರ ಬಣ್ಣ ತುಂಬೂದು ಆಕಿ ಕೆಲಸ. ದಿನಕ್ಕ ಮುನ್ನೂರು.

ಬೋರವ್ವ ಫೋನಿನಾಗ ಇದನ್ನ ಹೇಳಿದ್ಲು ಅಷ್ಟ. ಏನೂ ಕೇಳಲಿಲ್ಲ. “ಇರ್ಲಿ ಬಿಡು, ಹೆಣ್ಮಕ್ಕಳಿಗೆ ಒಂದ ಕೈಕೆಲಸ ಬಂದ್ರ ಚೊಲೋ” ಅಂದೆ ನಾ. ಆಕಿ “ಹೂನಕ್ಕಾ” ಅಂದ್ಲು.

ಈ ತಿಂಗಳ ಉಳಿತಾಯ ಬರಿಯೂದ ಮರತೆ. ನಾಳೆ ಬರೀತೇನಿ.

ಜೂನ್ 12, ಗುರುವಾರ

ರಾಚಯ್ಯನವರ ಫೋನು. ದಾಸೋಹದ ಹಾಲ್ ಕೆಲಸ ಮುಗಿಯಾಕ ಬಂದೈತಂತ. ಶ್ರಾವಣದಾಗ ಉದ್ಘಾಟನಾ. ಐವತ್ತ ಸಾವಿರದ ಮ್ಯಾಲ ಕೊಟ್ಟವರ ಹೆಸರ ಕಲ್ಲಾಗ ಕೊರಸಬೇಕು ಅಂತ ಕಮಿಟಿ ಠರಾವು ಮಾಡ್ಯಾರಂತ.

“ನಿನ್ನ ಗಂಡನ ಹೆಸರಿಗಿಂತ ನಿಂದs ಇರಲಿ, ಊರ ಮಗಳು ಅಂತ ಬರಸೇನಿ. ಮ್ಯಾಲ ನಿಮ್ಮವ್ವನ ಸ್ಮರಣಾರ್ಥ. ಐದ ಮಂದಿ ಮುತ್ತೈದ್ಯಾರ ಕಡಿಂದ ನಿನಗ ಉಡಿ ತುಂಬಸತೇವಿ. ತಪ್ಪಸಬ್ಯಾಡವ್ವಾ.”

“ಅದು... ಅಯ್ಯನವರ, ಅದು ಹಂಗಲ್ಲಲ್ರಿ” ಅಂದೆ.

“ಅದು ನಿನಗ ಗೊತ್ತು, ನನಗ ಗೊತ್ತು” ಅಂದು ಇಟ್ರು.

ಜೂನ್ 13, ಶುಕ್ರವಾರ

ಉಣ್ಣಲಿಲ್ಲ. ಯಾಕಂತ ಇವರು ಕೇಳಿದ್ರು. ಶುಕ್ರವಾರ ಅಂದೆ.

ಜುಲೈ 6, ಭಾನುವಾರ

ಎರಡ ತಿಂಗಳ ಮ್ಯಾಲ ಬೋರವ್ವ ತಾನಾಗಿ ಫೋನ್ ಹಚ್ಚಿದ್ಲು. “ಅಕ್ಕಾ, ನೀ ಎಂಥಾಕಿ ಅದೀ!” ಅಂದ್ಲು. ಎಲ್ಲಾ ಗೊತ್ತಾತಂತ ತಿಳಕೊಂಡೆ.

ನಮ್ಮೂರ ಮಠದ ಕಲ್ಲು ರೋಹಿಣಿ ಅಂಗಡಿಗೇ ಬಂದೈತಂತ. ಹೆಸರಿನ ಸಾಲು ತುಂಬಿಕೋತ ಹೊಂಟಾಕಿಗೆ ಅಜ್ಜಿ ಹೆಸರು ಬಂತು, ಅದರ ಕೆಳಗ ದೊಡ್ಡವ್ವನ ಹೆಸರು. ಊರ ಮಗಳು ಶಾರವ್ವ ತಿಮ್ಮಣ್ಣ, ಬಾಗಲಕೋಟಿ, ಐವತ್ತೊಂದು ಸಾವಿರ. ಆಕಿ ಫೋಟೋ ತಗದ ತಂದು ತಮ್ಮವ್ವಗ ತೋರಿಸ್ಯಾಳ.

ಬೋರವ್ವ ಅಳಾಕತ್ತಿದ್ಲು. “ಟ್ಯಾಕ್ಸು ಅಂತ್ಯಾಕ ಹೇಳಿದೆಕ್ಕಾ? ನಾ ಐದ ತಿಂಗಳ ನಿನ್ನ ಒಳಗೊಳಗ ಬೈದೇನಿ. ಇದ್ದೂ ಇಲ್ಲ ಅಂತಾಳ, ಗಂಡ ಇದ್ದಾಕಿ ಸೊಕ್ಕು ಅಂತ ಅಂದೇನಿ. ಶಿವನ ಪಾಲಿಂದು ಐತಿ ಅಂದಿದ್ರ ನಾ ತುಟಿ ಬಿಚ್ಚತಿದ್ದಿಲ್ಲ. ಅವ್ವನ ಹೆಸರಿಗೆ ಕೊಟ್ಟೀ. ನನ್ನ ತಪ್ಪ ಹೊಟ್ಟಿಗೆ ಹಾಕ್ಕೊ ಅಕ್ಕಾ.”

ನಾ “ಇರ್ಲಿ ಇರ್ಲಿ” ಅಂದೆ. ಆಕಿ ನನ್ನ ಕ್ಷಮಾ ಕೇಳಿದ್ಲು. ನಾ “ಇರ್ಲಿ” ಅಂತ ಕ್ಷಮಾ ಮಾಡಿದೆ.

ಫೋನ್ ಇಟ್ಟ ಮ್ಯಾಲ ಬಚ್ಚಲಕ್ಕ ಹೋಗಿ ಮಾರಿ ತೊಳಕೊಂಡೆ. ಕನ್ನಡಿ ನೋಡಲಿಲ್ಲ.

ಜುಲೈ 9, ಬುಧವಾರ

ರಾಚಯ್ಯನವರಿಗೆ ಫೋನ್ ಮಾಡಿ ನನ್ನ ಹೆಸರ ತಗೀರಿ ಅಂದೆ.

“ಕಲ್ಲಾಗ ಕೊರದದ್ದು ಹ್ಯಾಂಗ ತಗೀಲೆವ್ವಾ? ಲೆಕ್ಕದಾಗ ನೀ ಅದೀ, ಕಲ್ಲಾಗ ಇಲ್ಲಂದ್ರ ಮಂದಿ ಕೇಳೂದಿಲ್ಲೇನು? ಸುಮ್ನ ಬಾ, ಉಡಿ ತುಂಬಿಸ್ಕೊ, ಹೋಗು.”

ಡಬ್ಬಿಯಾಗ ಇನ್ನ ಹತ್ತೊಂಬತ್ತು ಸಾವಿರ ಐತಿ. ಖರ್ಚಾದ ಮೂವತ್ತು ಬ್ಯಾಂಕಿನಿಂದ ತಗದು ಕೂಡಿಸಿ ಹುಂಡಿಗೆ ಹಾಕಿದ್ರ ಕಲ್ಲು ಖರೆ ಆಗತೈತಿ. ಯಾರಿಗೂ ಏನೂ ಹೇಳೂದ ಬೇಕಾಗಿಲ್ಲ, ಬೋರವ್ವಗೂ. ಆದ್ರ ಮೂವತ್ತು ಸಾವಿರ! ಒಮ್ಮೆಗೇ!

ಶ್ರಾವಣ ಬರಲಿ, ನೋಡೂಣು. ತಾಯಿ, ನನಗ ಬುದ್ಧಿ ಕೊಡು ಅಂತ ಬೇಡಬೇಕಂತ ದೀಪ ಹಚ್ಚಿದೆ. ದಾರ ಸುತ್ತಿದ ಹತ್ತರ ನೋಟು ಅಲ್ಲೇ ಜಗಲಿ ಮ್ಯಾಲ ಇತ್ತು.

ಆಗಸ್ಟ್ 4, ಶ್ರಾವಣ ಸೋಮವಾರ

ಬೋರವ್ವನ ಮನಿಯಾಗ ಕುಂತು ಬರ್ಯಾಕತ್ತೇನಿ. ಆಕಿ ಮಕ್ಕೊಂಡಾಳ.

ಮಠದ ದಾಸೋಹ ಹಾಲ್ ಬಾಗಲದಾಗ ಕಲ್ಲು ಹಚ್ಯಾರ. ಕೆಂಪ ಕಲ್ಲು, ಬಂಗಾರ ಅಕ್ಷರ, ಬಿಸಲಿಗೆ ಕಣ್ಣ ಕುಕ್ಕತೈತಿ. ಏಳ ಹೆಸರಿನಾಗ ನಂದು ಮೂರನೇದು. ರೋಹಿಣಿ ನನ್ನ ಕೈ ಹಿಡದು ಕರಕೊಂಡ ಹೋದ್ಲು. “ದೊಡ್ಡವ್ವಾ, ಅಜ್ಜಿ ಸಾಲಿಗೆ, ನಿನ್ನ ಸಾಲಿಗೆ ಎರಡೆರಡ ಸಲ ಬಣ್ಣ ತುಂಬೇನಿ. ಉಳದವರಿಗೆ ಒಂದ ಸಲ. ಮಾಲಕ್ರಿಗೆ ಹೇಳಬ್ಯಾಡ ಮತ್ತ!” ಅಂತ ನಕ್ಕಳು. ಆಕಿ ಉಗುರ ಸಂದ್ಯಾಗ ಇನ್ನೂ ಬಂಗಾರ ಬಣ್ಣ ಇತ್ತು. ಆ ಕೈಲೆ ಸೂಜಿ ಹಿಡೀಬೇಕಾಗಿತ್ತು ಹುಡುಗಿ.

ಮೈಕಿನಾಗ ಹೆಸರ ಕರದ್ರು. “ನಮ್ಮ ಊರ ಮಗಳು, ಕೊಟ್ಟ ಮನಿಗೂ ಹುಟ್ಟಿದ ಮನಿಗೂ ಕೀರ್ತಿ ತಂದಾಕಿ.” ಮಂದಿ ಚಪ್ಪಾಳಿ ಹೊಡದ್ರು. ಬಾಲ್ಯಾದ ಗೆಳತ್ಯಾರು ಎದ್ದ ನಿಂತು ನೋಡಿದ್ರು. ಈಗ ಹೇಳಬೇಕು, ಈಗ ಹೇಳಬೇಕು ಅನಕೋತ ಹೋದೆ. ಮುತ್ತೈದ್ಯಾರು ಎದರ ಬಂದ್ರು. ನಾ ಸೆರಗ ಒಡ್ಡಿದೆ.

ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಅರಿಶಿಣ ಕೊಂಬು, ಎಲಿ ಅಡಕಿ, ಗುಳೇದಗುಡ್ಡದ ಖಣ. ಐದ ಮಂದಿ ಐದೈದ ಹಿಡಿ ಹಾಕಿದ್ರು. ಉಡಿ ಇಷ್ಟ ಭಾರ ಇರ್ತೈತಿ ಅಂತ ನನಗ ಗೊತ್ತಿದ್ದಿಲ್ಲ. ಬೋರವ್ವ ಗಂಡನ್ನ ಕಳಕೊಂಡಾಕಿ, ಉಡಿ ತುಂಬಾಕ ಮುಂದ ಬರೂದಿಲ್ಲ. ಕಂಬದ ಹಿಂದ ನಿಂತು ಎರಡೂ ಕೈ ಜೋಡಿಸಿದ್ಲು. ದೇವರಿಗಲ್ಲ, ನನಗ.

ಹುಂಡಿಗೆ ಹಾಕಬೇಕಂತ ಒಯ್ದ ರೊಕ್ಕ ಚೀಲದಾಗs ಉಳೀತು. ಹಾಕಿದ್ರ ಯಾರಿಗೂ ಏನೂ ಹೇಳದನ ನಾಳಿಂದ ನಿಶ್ಚಿಂತಿ ಆಗತಿತ್ತು. ಅದಕ್ಕ ಹಾಕಾಕ ಆಗಲಿಲ್ಲೋ ಏನೋ.

ಆಗಸ್ಟ್ 5, ಮಂಗಳವಾರ

ಮುಂಜಾನಿ ಬೋರವ್ವ ಉಡಿ ಅಕ್ಕಿ ತೊಳದು ಒಲಿ ಮ್ಯಾಲ ಇಡಾಕ ಹೊಂಟಿದ್ಲು. “ಇಲ್ಲೇ ಮಾಡಿ ಉಣ್ಣೂಣು ಅಕ್ಕಾ, ನಿನ್ನ ಪುಣ್ಯಾದಾಗ ನಮಗೂ ಒಂದ ತುತ್ತು.” ನಾ ಆಕಿ ಕೈ ಹಿಡದೆ. ಎಲ್ಲಾ ಹೇಳಿದೆ. ಚೆಕ್ಕು, ಹುಂಡಿ, ಡಬ್ಬಿ, ಕುಂಕುಮ. ಹೇಳೂದ ಏನೂ ಉಳೀಲಿಲ್ಲ.

ಬೋರವ್ವ ಕೇಳಿದ್ದು ಒಂದ ಮಾತು. “ನಾ ಫೋನ್ ಹಚ್ಚಿದ ದಿನ ಆ ರೊಕ್ಕ ಎಲ್ಲಿತ್ತಕ್ಕಾ?”

“ಬ್ಯಾಂಕಿನಾಗ.”

“ಆ ಹುಡುಗಿ ಕಾಲೇಜ ಬಿಟ್ಟ ದಿನ?”

“ಡಬ್ಬಿಯಾಗ.”

ಅಕ್ಕಿ ಬುಟ್ಟಿ ನನ್ನ ಮುಂದ ಸರಿಸಿ ಇಟ್ಲು. ರಾಟಿ ಮುಂದ ಹೋಗಿ ಕುಂತು ಕಂಡಿಕಿ ಸುತ್ತಾಕ ಹತ್ತಿದ್ಲು. ಬೈದಿದ್ರ ಆಗತಿತ್ತು. ನಾ ಹೋಗಿಬರ್ತೇನಿ ಅಂದಾಗ ರಾಟಿ ನಿಲ್ಲಲಿಲ್ಲ.

ಬಸ್ ಸ್ಟ್ಯಾಂಡಿನ ಮಟಾ ರೋಹಿಣಿ ಬಂದ್ಲು. ಎಲ್ಲಾ ಕೇಳಿಸಿಕೊಂಡಿದ್ಲು. ಬಸ್ಸು ಬಂದ ಮ್ಯಾಲ ನಾ ಕೇಳಿದೆ, “ಆ ಬಣ್ಣ ಹೋಗತೈತೇನs?”

“ಥಿನ್ನರ್ ಹಚ್ಚಿ ತಿಕ್ಕಿದ್ರ ಹೋಗತೈತಿ. ಅಕ್ಷರ ಹೋಗೂದಿಲ್ಲ. ಕೆಂಪ ಕಲ್ಲಾಗ ಕೆಂಪ ಅಕ್ಷರ, ಕಣ್ಣಿಗೆ ಕಾಣೂದಿಲ್ಲ ಅಷ್ಟ.” ನನ್ನ ಚೀಲ ಕೈಗೆ ಕೊಟ್ಟು ಅಂದ್ಲು, “ಎರಡ ಸಲ ತುಂಬೇನಿ. ಭಾಳ ತಿಕ್ಕಬೇಕಾಗತೈತಿ ನೋಡು.”

ಆಗಸ್ಟ್ 10, ಭಾನುವಾರ

ಇವರಿಗೆ ಹೇಳಿದೆ. ರಿಟರ್ನ್ ತುಂಬೂದು ಇನ್ನೂ ಬಾಕಿ ಐತಂತ. ಅದರಾಗ ಆ ದಾನ ತಗದು, ಉಳಿಸಿದ್ದ ಟ್ಯಾಕ್ಸು ಕಟ್ಟರಿ ಅಂದೆ. “ಆತು” ಅಂದ್ರು. “ಅವತ್ತ ನಾ ಬ್ಯಾಡ ಅಂದಿದ್ದೆ” ಅಂತ ಇವರು ಎತ್ತಲಿಲ್ಲ. ಎತ್ತಿದ್ರ ಚೊಲೋ ಇತ್ತು. ಇದು ಇವರ ಕೆಲಸ ಅಂತ ಮಾರ್ಚಿನಾಗ ಬರದೇನಿ. ಇವತ್ತ ಆ ಹಾಳಿ ತಗದ ನೋಡಿದೆ. ಇವರದಲ್ಲ, ನಂದು.

ಪ್ರೇಮಕುಮಾರ ಬಂದಾಂವ, “ಏನ್ರಿ ವೈನಿ, ತಾವಾಗೇ ಹೋಗಿ ಟ್ಯಾಕ್ಸ್ ಕಟ್ಟೋರನ್ನ ನಾ ಇವತ್ತ ನೋಡಿದೆ! ಈ ವರ್ಷದ ಪಗಾರಕ್ಕಂತೂ ಹನ್ನೆರಡ ಲಕ್ಷದ ಮಟಾ ಟ್ಯಾಕ್ಸs ಇಲ್ಲ. ಒಂದ ವರ್ಷಕ್ಕ ಇಷ್ಟೆಲ್ಲಾ ಆತು ನೋಡ್ರಿ” ಅಂತ ನಕ್ಕ. ನಾ ಅವಗ ಚಾ ಕೊಟ್ಟೆ, ಪೂರಾ ಹಾಲಿಂದು.

ಇವರ ಫೋನಿನಿಂದ ಹದಿನೆಂಟು ಸಾವಿರ ರೋಹಿಣಿಗೆ ಹಾಕಿಸಿದೆ. ಸಂಜೀಕ ತಿರಗಿ ಬಂತು. ಆಮ್ಯಾಲ ರೋಹಿಣಿ ಫೋನು. “ಅವ್ವ ಬ್ಯಾಡ ಅಂತಾಳ ದೊಡ್ಡವ್ವಾ. ಈ ವರ್ಷ ಹೋತು. ಮುಂದಿನ ವರ್ಷ ನಾ ದುಡದs ತುಂಬತೇನಿ.”

ಬದನಿಕಾಯಿ ಮುಂಜಾನೇನ ತಂದೆ. ಮಾರೂ ಮುದುಕಿ ಹೇಳಿದ ರೇಟಿಗೆ ಕೊಟ್ಟು ಬಂದೇನಿ. ಚೌಕಾಸಿ ಮಾಡೂದ ಯಾಕ ನೆನಪಾಗಲಿಲ್ಲೋ.

ಆಗಸ್ಟ್ 18, ಶ್ರಾವಣದ ಕಡೀ ಸೋಮವಾರ

ತವರೂರಿಗೆ ಹೋದೆ. ಡಬ್ಬಿಯಾಗಿನ ಹತ್ತೊಂಬತ್ತು ಸಾವಿರ, ಬ್ಯಾಂಕಿನ ಮೂವತ್ತು, ಎಲ್ಲಾ ಹುಂಡಿಗೆ ಹಾಕಿದೆ. ಭಾಳ ಹೊತ್ತ ಬೇಕಾತು, ಹುಂಡಿ ಬಾಯಿ ಸಣ್ಣದು. ಕಡೀಕ ಹಳದಿ ದಾರದ ನೋಟು. ಹೊತ್ತಾಕಿ ಹರಕಿ ಏನಿತ್ತೋ, ತೀರಿತೋ ಇಲ್ಲೋ. ಐದ ತಿಂಗಳ ನಾ ತಡದೇನಿ.

ರೋಹಿಣಿ ಥಿನ್ನರಿನ ಬಾಟ್ಲಿ ತಂದಿದ್ಲು. ಆಕಿ ಹಿಂದ ಬೋರವ್ವನೂ ಬಂದಿದ್ಲು. ಕಂಬಕ್ಕ ಆನಿಕೊಂಡು ನಿಂತಳು.

ನಾ ಅರಬಿ ತೋಯಿಸಿ ತಿಕ್ಕಾಕ ಹತ್ತಿದೆ. ಪೂಜಾಕ್ಕ ಬಂದ ಮಂದಿ ಸುತ್ತ ನಿಂತ್ರು. ಯಾಕಂತ ಕೇಳಿದವರಿಗೆ ನಾ ಮಾಡಿದ್ದ ಹೇಳಿದೆ, ಇದ್ದದ್ದ ಇದ್ದಂಗ. ಒಬ್ಬಾಕಿ ಬಾಯಿ ಮ್ಯಾಲ ಕೈ ಇಟ್ಟುಕೊಂಡ್ಲು. ನನಗ ಉಡಿ ತುಂಬಿದಾಕಿ ಆಕಿ.

ರಾಚಯ್ಯನವರು ಬಿರಬಿರ ಬಂದ್ರು. “ಹುಚ್ಚಿ, ಏನ ಮಾಡಾಕತ್ತೀ? ರೊಕ್ಕ ಹುಂಡಿಗೆ ಬಿತ್ತಲ್ಲ, ಈಗ ಕಲ್ಲಾಗ ಇದ್ದದ್ದ ಖರೆ ಆತಲ್ಲ! ಇನ್ನ ಒರಸೂದ್ಯಾಕ?”

“ತಿರಗಿ ಇಟ್ಟದ್ದು ಕೊಟ್ಟಂಗಲ್ರಿ ಅಯ್ಯನವರ.”

“ನನ್ನ ಮರ್ಯಾದಿ?”

“ನಿಮ್ಮ ಹೆಸರ ನಾ ಎತ್ತೂದಿಲ್ಲ. ಮಂದಿ ಕೇಳಿದ್ರ ನೀವs ಹೇಳ್ರಿ.” ಅವರು ಒಳಗ ಹೋದ್ರು.

ರೋಹಿಣಿ ಹೇಳಿದ್ದ ಖರೆ, ಭಾಳ ತಿಕ್ಕಬೇಕಾತು. ಐವತ್ತೊಂದು ಸಾವಿರ ಮೊದಲ ಹೋತು. ಆಮ್ಯಾಲ ಬಾಗಲಕೋಟಿ. ಆಮ್ಯಾಲ ನನ್ನ ಹೆಸರು. ಊರ ಮಗಳು ಅನ್ನೂದು ಕಡೀಕ ಹೋತು. ಮ್ಯಾಲಿನ ಸಾಲಿಗೆ ಬಂದು ಕೈ ನಿಂತಿತು. ಅವ್ವನ ಹೆಸರ ಬಿಟ್ಟೆ. ಆಕಿ ಎಂಟಾಣೆ ಹಾಕತಿದ್ಲು, ಖರೆನ ಹಾಕತಿದ್ಲು.

ಬೋರವ್ವ ಕಂಬ ಬಿಟ್ಟು ಬಂದ್ಲು. ಅವ್ವನ ಬಂಗಾರದ ಸಾಲು ನೋಡಿದ್ಲು. ಅದರ ಕೆಳಗ ಬರೇ ಕೆಂಪ ಕಲ್ಲು. ಅಲ್ಲಿ ಬೆರಳ ಇಟ್ಟು ಮೆಲ್ಲಕ ಎಳದ್ಲು, ಈ ತುದಿಯಿಂದ ಆ ತುದಿ ಮಟಾ.

“ಇನ್ನೂ ಕೈಗೆ ಹತ್ತತೈತಿ” ಅಂದ್ಲು. ಹದಿಮೂರು ದಿನದ ಮ್ಯಾಲ ಮೊದಲ ಮಾತು.

“ಹತ್ತಲಿ” ಅಂದೆ.